ಎರಡು ಕಡೆಯವರಿಗೂ ಸಮಾಧಾನ

ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಊರಿನ ಹೆಸರು ಬೇಡ, ಕೇಸು ಇನ್ನೂ ಮುಗಿದಿಲ್ಲ. ಜಾತ್ರೆಯ ದಿನ ಹಟ್ಟಿಯ ನಾಲ್ಕು ಜನ ಹುಡುಗರು ತೇರಿನ ಹಗ್ಗಕ್ಕೆ ಕೈ ಹಾಕಿದರು ಅಂತ ಊರಿನವರು ಹೊಡೆದರು. ಒಬ್ಬನ ಬಲಗೈ ಮೂಳೆ ಮುರಿಯಿತು. ದೂರು ಕೊಟ್ಟದ್ದಾಯಿತು. ಪೊಲೀಸ್ ವ್ಯಾನು ಬಂದು ಮೂರು ದಿನ ಹುಣಿಸೇಮರದ ಕೆಳಗೆ ನಿಂತದ್ದಾಯಿತು. ಹಟ್ಟಿಗೆ ಅಂಗಡಿ ಬಂದ್, ಹಾಲು ಬಂದ್, ಕೂಲಿ ಬಂದ್. ಅದರ ಮುಂದಿನ ಭಾನುವಾರ ಸಂಜೆ ಹಟ್ಟಿಯ ಶೀಟಿನ ಪ್ರಾರ್ಥನೆ ಮನೆಯಲ್ಲಿ ಪಾಸ್ಟರು ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ ಬೇಡಿಕೊಂಡರು. ಎರಡು ಕಡೆಯವರ ಮನಸ್ಸಿನ ಕಹಿ ತೆಗೆಯಬೇಕು, ಎರಡು ಕಡೆಯವರಿಗೂ ಸಮಾಧಾನ ಕೊಡಬೇಕು, ಎರಡು ಕಡೆಯವರೂ ಒಬ್ಬರನ್ನೊಬ್ಬರು ಕ್ಷಮಿಸುವಂತೆ ಮಾಡಬೇಕು ಅಂತ. ಎಲ್ಲರೂ ಆಮೆನ್ ಅಂದರು. ನಮ್ಮ ದೊಡ್ಡವ್ವ ಅನ್ನಲಿಲ್ಲ.

"ಅಯ್ಯಾ, ಇಲ್ಲಿ ಕುಂತಿರೋರೆಲ್ಲ ಒಂದೇ ಕಡೆಯೋರು. ಆ ಕಡೆಯೋರು ಎಲ್ಲವ್ರೆ? ಅವ್ರಿಗೂ ಈ ಪ್ರಾರ್ಥನೆ ಯಾರಾನ ಹೇಳ್ಕೊಟ್ಟವ್ರಾ?"

ಪಾಸ್ಟರು ಒಳ್ಳೆಯ ಮನುಷ್ಯ. ಹಟ್ಟಿಯಲ್ಲೇ ಹುಟ್ಟಿ ಬೆಳೆದವರು. ಉತ್ತರ ತೋಚದೆ ಸುಮ್ಮನಾದರು. ನಾನು ಪ್ರಾರ್ಥನೆಗೆ ಹೋಗುವವನಲ್ಲ. ಕೈ ಮುರಿದ ಹುಡುಗನಿಗೆ ಕಟ್ಟು ಹಾಕಿಸಿಕೊಂಡು ಬಂದಿದ್ದೆ, ಅವನ ಜೊತೆ ಬಾಗಿಲಲ್ಲಿ ನಿಂತಿದ್ದೆ. ಈ ಲೇಖನ ದೊಡ್ಡವ್ವನ ಆ ಪ್ರಶ್ನೆಯ ಬಾಲ ಹಿಡಿದುಕೊಂಡು ಹೊರಟದ್ದು.

ಪ್ರಾರ್ಥನೆಯೂ ಒಂದು ಬರಹವೇ. ಯಾರೋ ಕಟ್ಟಿರುತ್ತಾರೆ, ಯಾರೋ ಕನ್ನಡಕ್ಕೆ ತಂದಿರುತ್ತಾರೆ, ಯಾರೋ ಅಚ್ಚು ಹಾಕಿಸಿರುತ್ತಾರೆ. ಅದರಲ್ಲೂ ಕರ್ತೃ, ಕರ್ಮ, ಕ್ರಿಯಾಪದ ಇರುತ್ತವೆ. ಕ್ಷಮಿಸುವವನು ಯಾರು, ಕ್ಷಮೆ ಪಡೆಯುವವನು ಯಾರು ಅನ್ನೋದು ಬರೀ ಭಕ್ತಿಯ ಪ್ರಶ್ನೆಯಲ್ಲ, ವ್ಯಾಕರಣದ ಪ್ರಶ್ನೆಯೂ ಹೌದು. ಬಂಡಾಯದ ವಿಮರ್ಶೆ ಪುರಾಣವನ್ನು ಬಿಡಲಿಲ್ಲ, ಸ್ಮೃತಿಯನ್ನು ಬಿಡಲಿಲ್ಲ, ನವ್ಯರ ಕವಿತೆಯನ್ನಂತೂ ಬಿಡಲೇ ಇಲ್ಲ. ಆದರೆ ನಮ್ಮ ಹಟ್ಟಿಗಳ ಹೆಂಗಸರು ವಾರಕ್ಕೆರಡು ಸಲ ಬಾಯಿಂದ ಆಡುವ ಈ ಸಾಹಿತ್ಯವನ್ನು ಯಾರೂ ಮುಟ್ಟಿ ನೋಡಲಿಲ್ಲ. ಅಫೀಮು ಅಂತ ಒಂದು ಮಾತು ಎಸೆದು ಮುಂದೆ ಹೋದೆವು. ಅದೇ ಜಾಗದಲ್ಲಿ ಮಾರ್ಕ್ಸ್ ಧರ್ಮವನ್ನು ನೊಂದವರ ನಿಟ್ಟುಸಿರಿಗೂ ಹೋಲಿಸಿದ್ದ ಅನ್ನೋದನ್ನ ಮರೆತೆವು. ನಿಟ್ಟುಸಿರು ಬಿಡುವವರು ನಮ್ಮವರೇ ಆದಾಗ ಅದರ ಮಾತುಗಳನ್ನು ಕಿವಿಗೊಟ್ಟು ಕೇಳುವುದು ನಮ್ಮ ಕೆಲಸವಲ್ಲವೇ?

ತುಮಕೂರು ಸೀಮೆಗೆ ಈ ಪ್ರಾರ್ಥನೆ ಹೊಸದೇನಲ್ಲ. ವೆಸ್ಲಿಯನ್ ಮಿಷನ್ನಿನವರು 1830ರ ದಶಕದಲ್ಲೇ ಗುಬ್ಬಿಯಲ್ಲಿ ನೆಲೆ ಮಾಡಿದ್ದರು. 1947ರ ಸೆಪ್ಟೆಂಬರಿನಲ್ಲಿ ಮೆಥಡಿಸ್ಟರು, ಆಂಗ್ಲಿಕನ್ನರು ಮುಂತಾದವರು ಒಂದುಗೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಆಯಿತು. ಆದರೆ ಮಧುಗಿರಿ, ಪಾವಗಡ, ಶಿರಾ, ಕೊರಟಗೆರೆ ಕಡೆಯ ಹಟ್ಟಿಗಳಲ್ಲಿ ಇವತ್ತು ಹೆಚ್ಚಾಗಿ ಕಾಣುವುದು ಗಂಟೆ ಗೋಪುರದ ಚರ್ಚಲ್ಲ, ಶೀಟು ಹೊದಿಸಿದ ಪ್ರಾರ್ಥನೆ ಮನೆ. ಪಾವಗಡವನ್ನು ಬಹುಪಾಲು ಆಂಧ್ರವೇ ಸುತ್ತಿಕೊಂಡಿದೆ. ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ ಆಡುವ ಹಟ್ಟಿಗಳಿಗೆ ಹಿಂದೂಪುರ, ಮಡಕಶಿರಾ ಕಡೆಯಿಂದ ಹಾಡೂ ಬರುತ್ತವೆ, ಹಾಡುವವರೂ ಬರುತ್ತಾರೆ. ಊರ ದೇವರ ಗುಡಿ ಒಳಗೆ ಬಿಡದಿದ್ದಾಗ ಒಳಗೆ ಕೂತುಕೊಳ್ಳಲು ಒಂದು ಸೂರು, ಕಾಯಿಲೆ ಬಿದ್ದಾಗ ತಲೆ ಮೇಲೆ ಕೈ ಇಡುವ ಒಬ್ಬ ಮನುಷ್ಯ, ಕುಡಿಯೋ ಗಂಡನಿಗೆ ಬುದ್ಧಿ ಹೇಳುವ ಒಂದು ಗುಂಪು: ಇಷ್ಟು ಸಿಕ್ಕರೆ ಸಾಕು ಅಂತ ಹೋದವರೇ ಹೆಚ್ಚು. ಇದನ್ನು ಆಮಿಷ ಅನ್ನುವವರು ಮೊದಲು ತಮ್ಮ ಗುಡಿಯ ಬಾಗಿಲು ತೆಗೆದು ಮಾತಾಡಲಿ.

ಈಗ ಮಾತಿಗೆ ಬರೋಣ. ಇಂಗ್ಲಿಷಿನವರು ಪೀಸ್ ಅನ್ನುವ ಮಾತಿಗೆ ಕನ್ನಡದ ಪ್ರಾಟೆಸ್ಟೆಂಟರು ಬಳಸುವುದು 'ಸಮಾಧಾನ', ಕೆಥೊಲಿಕರು ಬಳಸುವುದು 'ಶಾಂತಿ'. ಎರಡೂ ಒಳ್ಳೆಯ ಮಾತುಗಳೇ. ಆದರೆ ಹಟ್ಟಿಯ ಕಿವಿಗೆ ಇವು ಹೇಗೆ ಕೇಳುತ್ತವೆ? ಸಮಾಧಾನ ಅನ್ನೋದನ್ನ ನಮ್ಮಲ್ಲಿ ಯಾರಿಗೆ ಹೇಳುತ್ತಾರೆ? ಹೊಡೆದವನಿಗೆ ಯಾವತ್ತಾದರೂ ಹೇಳಿದ್ದನ್ನು ಕೇಳಿದ್ದೀರಾ? ಹೊಡೆಸಿಕೊಂಡವನಿಗೇ ಹೇಳೋದು — "ಸಮಾಧಾನ ಮಾಡ್ಕಳಪ್ಪಾ, ಆಗಿದ್ದು ಆಗೋಯ್ತು." ಜಮೀನು ಕಳಕೊಂಡವನಿಗೆ, ಮಗಳನ್ನು ಕಳಕೊಂಡವಳಿಗೆ, ಕೂಲಿ ಕೇಳಿ ಬೈಸಿಕೊಂಡು ಬಂದವನಿಗೆ. ಇನ್ನು ಶಾಂತಿ ಅಂದರೆ ಒಂದೋ ಗ್ರಹಚಾರಕ್ಕೆ ಮಾಡಿಸುವ ಶಾಂತಿ, ಇಲ್ಲಾ ಪೊಲೀಸ್ ಸ್ಟೇಷನ್ನಿನ ಶಾಂತಿ ಸಭೆ. ಹಟ್ಟಿಯವನು ಬಾಯಿ ಬಿಟ್ಟರೆ ಶಾಂತಿಭಂಗ. ಬಾಯಿ ಮುಚ್ಚಿದರೆ ಶಾಂತಿಪಾಲನೆ. ಭಾಷಾಂತರ ಮಾಡಿದವರ ತಪ್ಪು ಇದರಲ್ಲಿಲ್ಲ. ಮಾತನ್ನು ಹಾಗೆ ಕೆಡಿಸಿದ್ದು ನಮ್ಮ ಊರುಗಳು. ಆದರೆ ಕೆಟ್ಟುಹೋದ ಮಾತನ್ನು ಎತ್ತಿಕೊಂಡು ಪ್ರಾರ್ಥನೆ ಮಾಡುವವನಿಗೆ ಅದು ಕೆಟ್ಟಿದೆ ಅನ್ನುವ ಅರಿವಾದರೂ ಇರಬೇಕು.

ಅಚ್ಚರಿ ಏನೆಂದರೆ, ಇದೇ ದೂರನ್ನು ಅವರದೇ ಗ್ರಂಥ ಹೇಳುತ್ತದೆ. ಯೆರೆಮೀಯ ಅನ್ನುವ ಪ್ರವಾದಿ ತನ್ನ ಕಾಲದ ಯಾಜಕರನ್ನು ಉಗಿದದ್ದು ಇದಕ್ಕೇ: ಜನರ ಗಾಯಕ್ಕೆ ಮೇಲೆಮೇಲೆ ಮುಲಾಮು ಸವರಿ, ಇಲ್ಲದ ಸಮಾಧಾನವನ್ನು ಇದೆ ಇದೆ ಅಂತ ಸಾರುತ್ತೀರಿ ಅಂತ. ಇನ್ನೂ ಗಟ್ಟಿಯಾದ ಸಾಕ್ಷಿ ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿದೆ. ಬಲಿಪೀಠದ ಹತ್ತಿರ ಕಾಣಿಕೆ ತಂದವನಿಗೆ ಯೇಸು ಹೇಳುವ ಮಾತು ಅದು. ನಿನ್ನ ಮೇಲೆ ನಿನ್ನ ಸಹೋದರನಿಗೆ ದೂರು ಇದೆ ಅನ್ನುವುದು ಅಲ್ಲಿ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಡು, ಮೊದಲು ಹೋಗಿ ಅವನ ಜೊತೆ ಒಂದಾಗು, ಆಮೇಲೆ ಬಾ ಅಂತ ಅದರ ಸಾರ. ಇದನ್ನು ನಾನು ಎಷ್ಟೋ ಸಲ ಕೇಳಿದ್ದೆ, ಗಮನಿಸಿರಲಿಲ್ಲ. ದೂರು ಇರುವುದು ಯಾರಿಗೆ? ಸಹೋದರನಿಗೆ. ಎದ್ದು ಹೋಗಬೇಕಾದವನು ಯಾರು? ಯಾರ ಮೇಲೆ ದೂರು ಇದೆಯೋ ಅವನು. ಹೊಡೆಸಿಕೊಂಡವನು ಹೋಗಿ ಕ್ಷಮಿಸಿ ಬರಲಿ ಅಂತ ಅಲ್ಲಿ ಹೇಳಿಲ್ಲ. ಹೊಡೆದವನ ಪೂಜೆ ನಿಲ್ಲಲಿ, ಅವನು ನಡೆದುಕೊಂಡು ಬರಲಿ ಅಂತ ಹೇಳಿದೆ. ಅದೂ ಪೂಜೆಯನ್ನು ಅರ್ಧಕ್ಕೆ ಬಿಟ್ಟು!

ನಮ್ಮ ಹಳ್ಳಿಗೆ ಇದನ್ನು ಹಚ್ಚಿ ನೋಡಿ. ತೇರು ಅರ್ಧ ದಾರಿಯಲ್ಲಿ ನಿಲ್ಲಬೇಕು. ಹಗ್ಗ ಹಿಡಿದ ಹುಡುಗನನ್ನು ಹೊಡೆದವನು ಹಗ್ಗ ಬಿಟ್ಟು ಹಟ್ಟಿಗೆ ಬರಬೇಕು. ಆಮೇಲೆ ತೇರು ಮುಂದೆ ಹೋಗಬೇಕು. ಇಂಥ ಪ್ರಾರ್ಥನೆಯನ್ನು ಹಟ್ಟಿಯೊಳಗೆ ಮಾಡಿ ಏನು ಪ್ರಯೋಜನ? ಊರೊಳಗೆ ಮಾಡಬೇಕಾದದ್ದನ್ನು ತಂದು ಹಟ್ಟಿಯಲ್ಲಿ ಮಾಡಿದರೆ ಅರ್ಥವೇ ತಿರುವುಮುರುವಾಗುತ್ತದೆ. ದೊಡ್ಡವ್ವ ಕೇಳಿದ್ದು ಇದನ್ನೇ. ಆಕೆಗೆ ಓದಲು ಬಾರದು.

ಕಾನ್ವೆಂಟ್ ಶಾಲೆಗಳಲ್ಲಿ ಅಸ್ಸಿಸಿಯ ಫ್ರಾನ್ಸಿಸನ ಹೆಸರಲ್ಲಿ ಒಂದು ಶಾಂತಿ ಪ್ರಾರ್ಥನೆ ಹಾಡಿಸುತ್ತಾರೆ. ನನ್ನನ್ನು ನಿನ್ನ ಶಾಂತಿಯ ಉಪಕರಣ ಮಾಡು ಅನ್ನುವ ಭಾವದ್ದು. ಫ್ರಾನ್ಸಿಸ್ ಸತ್ತದ್ದು 1226ರಲ್ಲಿ. ಈ ಪ್ರಾರ್ಥನೆ ಮೊದಲು ಅಚ್ಚಾಗಿ ಕಂಡದ್ದು 1912ರಲ್ಲಿ, ಪ್ಯಾರಿಸ್ಸಿನ ಒಂದು ಸಣ್ಣ ಪತ್ರಿಕೆಯಲ್ಲಿ, ಬರೆದವರ ಹೆಸರಿಲ್ಲದೆ. ಎರಡು ಮಹಾಯುದ್ಧಗಳ ನಡುವೆ ಲೋಕವೆಲ್ಲ ಹಬ್ಬಿತು. ಅದರ ಕಟ್ಟು ಚೆನ್ನಾಗಿದೆ, ಬಾಯಿಗೆ ಹಿಡಿಯುತ್ತದೆ. ಆದರೆ ಇಡೀ ಪ್ರಾರ್ಥನೆಯಲ್ಲಿ ನ್ಯಾಯ ಅನ್ನುವ ಮಾತು ಒಂದು ಸಲವೂ ಬರುವುದಿಲ್ಲ. ದ್ವೇಷಕ್ಕೆ ಪ್ರೀತಿ ಇದೆ, ನೋವಿಗೆ ಕ್ಷಮೆ ಇದೆ, ಜಗಳಕ್ಕೆ ಒಗ್ಗಟ್ಟು ಇದೆ. ಅನ್ಯಾಯಕ್ಕೆ ಏನು ಅನ್ನುವ ಸಾಲೇ ಇಲ್ಲ. ಬೇಡುವವನು ತನ್ನ ಬಗ್ಗೆ ಮಾತ್ರ ಬೇಡುತ್ತಾನೆ, ಅದು ಅವನ ದೊಡ್ಡತನ. ಆದರೆ ತುಳಿದವನೂ ತುಳಿಸಿಕೊಂಡವನೂ ಒಂದೇ ದನಿಯಲ್ಲಿ ಹಾಡಿದಾಗ ತುಳಿದವನಿಗೆ ಅದರಲ್ಲಿ ಯಾವ ಕಷ್ಟವೂ ಕಾಣುವುದಿಲ್ಲ. ಇದು ಆ ಪ್ರಾರ್ಥನೆಯ ಸೋಲು ಅಂತ ನನ್ನ ಅಭಿಪ್ರಾಯ.

ದಕ್ಷಿಣ ಆಫ್ರಿಕಾದ ಕರಿಯರಿಗೆ ಇದು ನಮಗಿಂತ ಮುಂಚೆ ಹೊಳೆದಿತ್ತು. 1985ರ ಸೆಪ್ಟೆಂಬರಿನಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಅಲ್ಲಿನ ಧರ್ಮಶಾಸ್ತ್ರಜ್ಞರು ಮತ್ತು ಪಾದ್ರಿಗಳು ಸೇರಿ 'ಕೈರೋಸ್ ದಸ್ತಾವೇಜು' ಅಂತ ಒಂದನ್ನು ಹೊರಡಿಸಿದರು. ಬಿಳಿಯರ ಸರ್ಕಾರವನ್ನು ಸಮರ್ಥಿಸುವ ದೇವರಮಾತನ್ನು ಅವರು ಖಂಡಿಸಿದ್ದು ಸಹಜ. ಅದಕ್ಕಿಂತ ಹರಿತವಾಗಿ ಖಂಡಿಸಿದ್ದು ಚರ್ಚುಗಳ ಸಂಧಾನದ ಮಾತನ್ನು. ಎಲ್ಲ ಜಗಳಕ್ಕೂ ಎರಡು ಕಡೆ ಇರುತ್ತದೆ, ಇಬ್ಬರೂ ಕೂತು ಮಾತಾಡಲಿ ಅನ್ನೋದು ಒಂದು ಕಡೆಯವನ ಕೈಯಲ್ಲಿ ಬಂದೂಕು, ಇನ್ನೊಂದು ಕಡೆಯವನ ಎದೆಯಲ್ಲಿ ಗುಂಡು ಇರುವಾಗ ಹೊಂದುವುದಿಲ್ಲ ಅನ್ನುವುದು ಅದರ ವಾದ. ಪಶ್ಚಾತ್ತಾಪ ಮೊದಲು, ಕ್ಷಮೆ ಆಮೇಲೆ. ನ್ಯಾಯವಿಲ್ಲದ ಸಂಧಾನ ಸಂಧಾನವೇ ಅಲ್ಲ. ಮುಂದೆ 1996ರಲ್ಲಿ ಆರ್ಚ್‌ಬಿಷಪ್ ಟೂಟು ಅವರ ಮುಂದಾಳುತನದಲ್ಲಿ ಸತ್ಯ ಮತ್ತು ಸಂಧಾನ ಆಯೋಗದ ವಿಚಾರಣೆಗಳು ಪ್ರಾರ್ಥನೆಯೊಂದಿಗೇ ಶುರುವಾದವು. ನೊಂದವರು ಲೋಕದ ಮುಂದೆ ಬಾಯಿಬಿಟ್ಟು ಹೇಳಿಕೊಂಡರು, ಅದು ಸಣ್ಣ ಸಂಗತಿಯಲ್ಲ. ಆದರೆ ಆಯೋಗ ಗುರುತಿಸಿದ ನೊಂದವರಿಗೆ 2003ರಲ್ಲಿ ಸರ್ಕಾರ ಗೊತ್ತುಮಾಡಿದ ಪರಿಹಾರ ಒಂದೇ ಸಲಕ್ಕೆ 30,000 ರ‍್ಯಾಂಡ್. ಜಮೀನು ಎಲ್ಲಿತ್ತೋ ಬಹುಪಾಲು ಅಲ್ಲೇ ಉಳಿಯಿತು.

ನಮ್ಮಲ್ಲಿ ಆಯೋಗವೂ ಇಲ್ಲ, ಟೂಟುವೂ ಇಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. 2006ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಏಳು ಹೆಣ ಬಿದ್ದವು, ಕೊಂದವರು ಯಾರೂ ಇಲ್ಲ. ಇಂಥ ಕಡೆ ನಿಂತು ಎರಡು ಕಡೆಯವರಿಗೂ ಸಮಾಧಾನ ಬೇಡುವವರು ಇನ್ನೊಂದು ಕಡೆ ಯಾವುದು ಅಂತ ತೋರಿಸಬೇಕಲ್ಲ?

ಮಾತಿನ ವಿಚಾರ ಇಷ್ಟು ಸಾಕು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಕೈ.

ಸಿ.ಎಸ್.ಐ. ತನ್ನ ಹೊಸ ಆರಾಧನಾ ಕ್ರಮವನ್ನು 1950ರಲ್ಲಿ ತಂದಿತು. ಅದರಲ್ಲಿ ರೊಟ್ಟಿ ದ್ರಾಕ್ಷಾರಸಕ್ಕೆ ಮೊದಲು 'ಸಮಾಧಾನ'ವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಒಂದು ಪದ್ಧತಿ ಇದೆ. ಕೇರಳದ ಸುರಿಯಾನಿ ಕ್ರೈಸ್ತರಿಂದ ಬಂದದ್ದು. ಬಲ ಅಂಗೈಗೆ ಬಲ ಅಂಗೈ ಸೇರಿಸಬೇಕು, ಎಡಗೈಯಿಂದ ಎದುರಿನವರ ಕೈ ಮುಚ್ಚಬೇಕು. ಪಾದ್ರಿಯಿಂದ ಹೊರಟದ್ದು ಸಾಲು ಸಾಲಾಗಿ ಕೈಯಿಂದ ಕೈಗೆ ದಾಟಿ ಕೊನೆಯ ಬೆಂಚಿನ ತನಕ ಬರಬೇಕು. ಮಧ್ಯೆ ಒಬ್ಬ ಕೈ ಕೊಡದಿದ್ದರೆ ಸರಪಳಿ ಅಲ್ಲಿಗೇ ತುಂಡು. ಬರೀ ಬಾಯಿಮಾತಲ್ಲ, ಮುಟ್ಟುವ ಪ್ರಾರ್ಥನೆ ಇದು. ಮುಟ್ಟಿಸಿಕೊಳ್ಳದವರ ನಾಡಿನಲ್ಲಿ, ಸಂವಿಧಾನ ಜಾರಿಗೆ ಬಂದ ವರ್ಷವೇ, ಇಂಥದ್ದೊಂದು ಬಂತು ಅನ್ನುವುದು ನಮ್ಮ ಯಾವ ಸಾಂಸ್ಕೃತಿಕ ಚರಿತ್ರೆಯಲ್ಲೂ ಕಾಣಲಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಈ ಪದ್ಧತಿ ಮುಟ್ಟುವುದನ್ನು ಕಡ್ಡಾಯ ಮಾಡಿತು. ಎರಡರ ನಡುವೆ ಇರುವ ವ್ಯತ್ಯಾಸ ನಮ್ಮಂಥವರಿಗೆ ಚೆನ್ನಾಗಿ ಗೊತ್ತು.

ಈಗ ಕೆಥೊಲಿಕರ ಕಡೆ ನೋಡಿ. ಎರಡನೇ ವ್ಯಾಟಿಕನ್ ಸಮ್ಮೇಳನದ ನಂತರ ಪೂಜೆಯನ್ನು 'ಭಾರತೀಯ'ಗೊಳಿಸುವ ಕೆಲಸ ನಡೆಯಿತು. ಅದರ ಮುಖ್ಯ ನೆಲೆ ನಮ್ಮ ಬೆಂಗಳೂರೇ. 1967ರಲ್ಲಿ ಅಲ್ಲಿ ಶುರುವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರವನ್ನು ಫಾದರ್ ಅಮಲೋರ್ಪವದಾಸ್ ನಡೆಸುತ್ತಿದ್ದರು. 1969ರ ಏಪ್ರಿಲಿನಲ್ಲಿ ರೋಮ್ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಕೊಟ್ಟಿತು: ಬರಿಗಾಲಲ್ಲಿ ನಿಲ್ಲುವುದು, ನೆಲದ ಮೇಲೆ ಕೂರುವುದು, ಆರತಿ, ಎಣ್ಣೆದೀಪ, ಪಂಚಾಂಗ ಪ್ರಣಾಮ ಹೀಗೆ. ಆ ಪಟ್ಟಿಯಲ್ಲಿ ಶಾಂತಿಯ ವಿನಿಮಯವೂ ಇತ್ತು. ಹಳೆಯ ಪದ್ಧತಿಯಲ್ಲಿ ಅದು ಮುತ್ತು. ಅದರ ಬದಲು ಅಂಜಲಿ ಮಾಡಬಹುದು, ಅಂದರೆ ಕೈ ಮುಗಿಯಬಹುದು. ಅಥವಾ ಕೊಡುವವರ ಕೈಗಳನ್ನು ಪಡೆಯುವವರ ಕೈಗಳ ನಡುವೆ ಇಡಬಹುದು ಅಂತ ಎರಡು ದಾರಿ ಕೊಟ್ಟರು. ಎರಡರಲ್ಲಿ ಯಾವುದು ಉಳಿಯಿತು? ಯಾವುದಾದರೂ ಪೂಜೆಗೆ ಹೋಗಿ ನೋಡಿ. ಜನ ಅಕ್ಕಪಕ್ಕದವರ ಕಡೆ ತಿರುಗಿ ಕೈ ಮುಗಿದು ತಲೆ ಬಾಗಿಸುತ್ತಾರೆ. ಮುಗೀತು.

ಕೈ ಮುಗಿಯುವುದು ಸುಂದರವಾದ ಸನ್ನೆ, ನಿಜ. ಅದು ಭಾರತೀಯವೂ ಹೌದು. ಆದರೆ ಯಾವ ಭಾರತ? ಮುಟ್ಟದೆ ಮರ್ಯಾದೆ ಮಾಡುವುದಕ್ಕೆ ಅನುಕೂಲವಾದ ಸನ್ನೆ ಅದು. ನನ್ನ ಕೈ ನನ್ನ ಕೈಯನ್ನೇ ಮುಟ್ಟುತ್ತದೆ. ನಿನ್ನ ಕೈ ನಿನ್ನದನ್ನೇ. ನಮ್ಮಪ್ಪ ಜೀವಮಾನವೆಲ್ಲ ಹತ್ತು ಮಾರು ದೂರದಲ್ಲಿ ನಿಂತು ಕೈ ಮುಗಿದವನು. ಅವನು ಮುಗಿದ ಕೈಗೆ ಯಾವ ಸಮಾಧಾನವೂ ದಾಟಿ ಬರಲಿಲ್ಲ. 2020ರ ಕೊರೋನಾ ಹೊತ್ತಿನಲ್ಲಿ ಲೋಕವೆಲ್ಲ ನಮಸ್ತೆ ಹೇಳುತ್ತಿದೆ, ನಮ್ಮ ಹಿರಿಯರ ಜಾಣತನ ನೋಡಿ ಅಂತ ಹಿಗ್ಗಿದವರು ಇದ್ದರು. ಮುಟ್ಟದಿರುವುದರಲ್ಲಿ ನಮ್ಮ ಹಿರಿಯರು ಪಳಗಿದ್ದರು ಅನ್ನುವುದರಲ್ಲಿ ಅನುಮಾನವೇನಿಲ್ಲ! ಹಾಗಾಗಿ ಬೆಂಗಳೂರಿನಲ್ಲಿ ಕೂತು ಚರ್ಚನ್ನು ಭಾರತೀಯಗೊಳಿಸಿದವರು ಕೆಟ್ಟ ಉದ್ದೇಶವಿಲ್ಲದೆಯೇ ಅಗ್ರಹಾರದ ಸನ್ನೆಯನ್ನು ಒಳಗೆ ಕರೆದರು. ಸುಮ್ಮನೆ ದ್ವೇಷಕ್ಕೆ ಹೇಳುತ್ತಿಲ್ಲ. ದಲಿತ ಕ್ರೈಸ್ತ ಚಿಂತಕರೇ ಆಮೇಲೆ ಈ ಭಾರತೀಕರಣವನ್ನು ಬ್ರಾಹ್ಮಣೀಕರಣ ಅಂತ ಟೀಕಿಸಿದರು. ತಮಟೆ ಬರಲಿಲ್ಲ, ಆರತಿ ಬಂತು ಅಂದರು.

ಸಿ.ಎಸ್.ಐ. ಕೂಡ ಕೈ ಕೊಟ್ಟ ಮಾತ್ರಕ್ಕೆ ಪಾರಾಗಲಿಲ್ಲ. ದಕ್ಷಿಣದ ಚರ್ಚುಗಳಲ್ಲಿ ಜಾತಿ ನೋಡಿ ಮದುವೆ, ಜಾತಿ ನೋಡಿ ಓಟು ನಡೆದೇ ಇದೆ. ತಿರುಚ್ಚಿಯ ಒಂದು ಕೆಥೊಲಿಕ್ ಸ್ಮಶಾನದಲ್ಲಿ ದಲಿತರ ಹೆಣಗಳಿಗೂ ಉಳಿದವರ ಹೆಣಗಳಿಗೂ ನಡುವೆ ಗೋಡೆಯೇ ಎದ್ದಿತ್ತು. ನಮ್ಮ ಪ್ರಾರ್ಥನೆ ಮನೆಗಳಲ್ಲಿ ಈ ಸಮಸ್ಯೆ ಇಲ್ಲ ಅಂತ ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಹೇಗಿರಬೇಕು? ಅಲ್ಲಿ ಇರೋದೇ ಒಂದು ಜಾತಿ.

2019ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್, ವಯಸ್ಸಾದ ಮನುಷ್ಯ, ಕಾಲುನೋವಿನಲ್ಲೂ ಬಗ್ಗಿ ದಕ್ಷಿಣ ಸುಡಾನಿನ ಕಾದಾಡುವ ನಾಯಕರ ಶೂಗಳಿಗೆ ಮುತ್ತಿಟ್ಟರು. ಜಗಳ ಬಿಡಿ ಅಂತ ಬೇಡಿದರು. ಆ ಚಿತ್ರ ನೋಡಿ ನನಗೂ ಗಂಟಲು ಕಟ್ಟಿತು. ಮೇಲಿನವನು ಬಗ್ಗಿದ, ಮುಟ್ಟಿದ. ಇದೇ ಪೋಪ್ 2014ರ ಜೂನಿನಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ತೀನಿನ ಅಧ್ಯಕ್ಷರನ್ನು ವ್ಯಾಟಿಕನ್ನಿನ ತೋಟಕ್ಕೆ ಕರೆಸಿ ಶಾಂತಿ ಪ್ರಾರ್ಥನೆ ಮಾಡಿಸಿದ್ದರು. ತಿಂಗಳೊಳಗೆ ಗಾಜಾದ ಮೇಲೆ ಬಾಂಬು ಬಿದ್ದವು. ಪ್ರಾರ್ಥನೆಗೆ ಫಲವಿಲ್ಲ ಅಂತ ಗೇಲಿ ಮಾಡಲು ಇದನ್ನು ಹೇಳುತ್ತಿಲ್ಲ. ತೋಟದಲ್ಲಿ ಪ್ರಾರ್ಥನೆ ಮುಗಿದ ಮೇಲೆ ಬೇಲಿ ಹಾಕಿದ ನೆಲ ಯಾರದು ಅನ್ನೋ ಪ್ರಶ್ನೆ ಇದ್ದಲ್ಲೇ ಇತ್ತು, ಅಷ್ಟೇ.

ನೆಲದ ಮಾತು ಬಂತು, ಸಾಲದ ಮಾತನ್ನೂ ಆಡಿಬಿಡೋಣ. ಯೇಸು ಕಲಿಸಿದ ಪ್ರಾರ್ಥನೆ ಅಂತ ಎಲ್ಲ ಕ್ರೈಸ್ತರೂ ಬಾಯಿಪಾಠ ಮಾಡಿರುವುದರಲ್ಲಿ ಕ್ಷಮೆಯ ಒಂದು ಸಾಲಿದೆ. ನಮ್ಮ ಕಡೆ ಅದರಲ್ಲಿ ಬರುವ ಕನ್ನಡದ ಮಾತು 'ತಪ್ಪು'. ಆದರೆ ಮತ್ತಾಯನ ಗ್ರೀಕ್ ಮೂಲದಲ್ಲಿರುವ ಮಾತಿನ ನೇರ ಅರ್ಥ ಸಾಲ. ಯೇಸು ಆಡುತ್ತಿದ್ದ ಅರಮೇಯಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಮಾತು. ಅವನ ಕಥೆಗಳಲ್ಲೂ ಹಾಗೇ: ಧಣಿಯಿಂದ ದೊಡ್ಡ ಸಾಲ ಮನ್ನಾ ಮಾಡಿಸಿಕೊಂಡ ಆಳು, ಹೊರಗೆ ಬಂದು ತನಗೆ ಚಿಲ್ಲರೆ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಹಳೇ ಒಡಂಬಡಿಕೆಯಲ್ಲಿ ಏಳು ವರ್ಷಕ್ಕೊಮ್ಮೆ ಸಾಲ ಬಿಡಬೇಕು, ಐವತ್ತನೇ ವರ್ಷ ಜೀತದವರು ಬಿಡುಗಡೆಯಾಗಿ ತಮ್ಮ ನೆಲಕ್ಕೆ ಮರಳಬೇಕು ಅನ್ನುವ ಕಟ್ಟಳೆ ಇದೆ. ಸಾಲ ಹೋಗಿ ತಪ್ಪು ಬಂದದ್ದರಿಂದ ಏನಾಯಿತು? ಧಣಿ ಚೀಟಿ ಹರಿಯದೆಯೇ ಪ್ರಾರ್ಥನೆ ಮಾಡಬಹುದು ಅಂತಾಯಿತು.

ಮಳೆ ಇಲ್ಲದ, ಕಡಲೆಕಾಯಿ ಕೈಕೊಡುವ ಈ ನಾಲ್ಕು ತಾಲ್ಲೂಕಿನಲ್ಲಿ ಜಗಳ ಅಂದರೆ ಬಹಳ ಸಲ ಸಾಲವೇ. ಜೀತ ಅಂದರೆ ಸಾಲಕ್ಕೆ ಮೈ ಅಡವಿಡುವುದು. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂತು. ಅದೇ ವರ್ಷ ಅರಸು ಸರ್ಕಾರ ಬಡವರ ಸಾಲಮನ್ನಾ ಕಾಯ್ದೆಯನ್ನೂ ತಂದಿತು. ಪ್ರಾರ್ಥನೆಯಿಂದ ಬಿದ್ದುಹೋದ ಸಾಲ ಅನ್ನುವ ಮಾತು ಕಾಯ್ದೆಯಲ್ಲಿ ಬಂದು ಕೂತಿತು ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಈಗ ಗೌಡನ ಚೀಟಿಯ ಜಾಗದಲ್ಲಿ ಸಂಘದ ಕಂತು, ಮೈಕ್ರೋಫೈನಾನ್ಸಿನವರ ಬೈಕು. ಅವರ ಕಿರುಕುಳ ತಡೆಯಲು 2025ರಲ್ಲಿ ಇನ್ನೊಂದು ಸುಗ್ರೀವಾಜ್ಞೆ ಬೇಕಾಯಿತು.

ಇಲ್ಲಿಯವರೆಗೆ ಬಂದು ನಮ್ಮ ಸಂಗಾತಿಗಳು ಕೇಳಬಹುದು: ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೋಗಬೇಕು ಆ ಪ್ರಾರ್ಥನೆಗೆ? ಕಷ್ಟ ಇನ್ನೂ ಇದೆ, ಕೇಳಿ. 1950ರ ಆಗಸ್ಟಿನ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಸೇರಿಸಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಹೇಳಿತು. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಮತ್ತೊಂದನ್ನು ನೇಮಿಸಿದರು. 2025ರಲ್ಲಿ ಪಕ್ಕದ ಆಂಧ್ರದ ಹೈಕೋರ್ಟು, ಮತಾಂತರವಾಗಿ ಪಾಸ್ಟರ್ ಆಗಿದ್ದ ಒಬ್ಬ ದಲಿತನ ದೂರಿಗೆ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುವುದಿಲ್ಲ ಅಂದಿತು. ಅಂದರೆ ಹೊಡೆಯುವವನಿಗೆ ಜಾತಿ ಕಾಣುತ್ತದೆ, ಕಾಯ್ದೆಗೆ ಧರ್ಮ ಕಾಣುತ್ತದೆ. ಹಟ್ಟಿಯವನು ಬಹಿರಂಗವಾಗಿ ಶಾಂತಿಗೆ ಪ್ರಾರ್ಥನೆ ಮಾಡಿದರೆ ಆ ಪ್ರಾರ್ಥನೆಯೇ ಅವನ ಕೇಸಿಗೆ ಎದುರು ಸಾಕ್ಷಿ.

ಹೀಗಿದ್ದೂ ಹೋಗುತ್ತಾರೆ. ಹೋಗುವವರೆಲ್ಲ ತಲೆ ತಗ್ಗಿಸಿ ಕೂರುವವರಲ್ಲ ಅನ್ನುವುದನ್ನು ನಮ್ಮ ಜಿಲ್ಲೆಯೇ ತೋರಿಸಿದೆ. 2021ರ ಡಿಸೆಂಬರಿನ ಕೊನೆಯಲ್ಲಿ ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕ್ರಿಸ್‌ಮಸ್ ಆಚರಿಸುತ್ತಿದ್ದ ದಲಿತ ಕುಟುಂಬವೊಂದರ ಮನೆಗೆ ಬಲಪಂಥೀಯ ಗುಂಪಿನವರು ನುಗ್ಗಿ ವಿಚಾರಣೆಗೆ ನಿಂತರು. ಮನೆಯ ಹೆಂಗಸರು ಎದ್ದು ಕೇಳಿದರು: ನಮ್ಮನ್ನು ಕೇಳೋಕೆ ನೀವು ಯಾರು ಅಂತ. ಆ ವಿಡಿಯೋ ದೇಶವೆಲ್ಲ ಓಡಾಡಿತು. ಅವರ ದನಿಯಲ್ಲಿ ಸಮಾಧಾನ ಇರಲಿಲ್ಲ. ಮನೆಯೊಳಗಿನ ಶಾಂತಿ ಉಳಿದದ್ದು ಆ ದನಿಯಿಂದಲೇ. ಮೂವತ್ತು ವರ್ಷ ಬೀದಿನಾಟಕ ಆಡಿದ ನಾವು ಇಂಥ ಹೆಂಗಸರಿಗೆ ಅಫೀಮಿನ ಪಾಠ ಹೇಳಲು ಹೋಗುವುದು ಬೇಡ.

ಚರ್ಚಿನ ಒಳಗೂ ಈ ದನಿ ಎದ್ದಿದೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಬೆಂಗಳೂರಿನಲ್ಲೇ, ಎರಡು ವರ್ಷಕ್ಕೆ, 1981ರ ಏಪ್ರಿಲಿನಲ್ಲಿ, ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಶೂದ್ರ ಧರ್ಮಶಾಸ್ತ್ರದ ಕಡೆಗೆ ಅಂತ ಭಾಷಣ ಮಾಡಿದರು. ದಲಿತ ಧರ್ಮಶಾಸ್ತ್ರ ಅನ್ನುವ ಚಿಂತನೆ ಬೆಳೆದದ್ದು ಅಲ್ಲಿಂದ. ಒಂದೇ ಊರು, ಒಂದೇ ಕಾಲ, ಒಂದೇ ಸಿಟ್ಟು. ನಾವು ಅವರನ್ನು ಓದಲಿಲ್ಲ, ಅವರು ಇಂಗ್ಲಿಷಿನಲ್ಲೇ ಬರೆದರು. ನಷ್ಟ ಹಟ್ಟಿಯದು.

ಮತ್ತೆ ಹಳ್ಳಿಗೆ ಬರುತ್ತೇನೆ. ಹತ್ತು ದಿನದ ಮೇಲೆ ಶಾಲೆಯಲ್ಲಿ ಶಾಂತಿ ಸಭೆ ನಡೆಯಿತು. ಬೆಂಚು ಜೋಡಿಸಿದವನು ನಾನೇ. ದೌರ್ಜನ್ಯದ ಕೇಸು ರಾಜಿಯಾಗುವಂಥದ್ದಲ್ಲ ಅಂತ ಎಲ್ಲರಿಗೂ ಗೊತ್ತು. ಸಾಕ್ಷಿ ತಿರುಗಬಹುದು ಅಂತಲೂ ಗೊತ್ತು. ನಮ್ಮ ನಮ್ಮಲ್ಲೇ ತಿಳಿಯದೆ ಆದ ಜಗಳ ಅಂತ ಒಂದು ಕಾಗದ ಬರೆದು ತಂದಿದ್ದರು. ಊರಿನ ಒಬ್ಬ ಹುಡುಗ ಮೊಬೈಲಿನಲ್ಲಿ ಪ್ರಾರ್ಥನೆ ಮನೆಯ ವಿಡಿಯೋ ತೋರಿಸಿದ. "ನೀವು ಏಸಪ್ಪನ ಕಡೆಯೋರಲ್ವಾ, ಅಟ್ರಾಸಿಟಿ ಹೆಂಗಾಯ್ತದೆ ಹೇಳಿ" ಅಂದ. ಕಾಫಿ ಬಂತು, ಎಲ್ಲರಿಗೂ ಪೇಪರ್ ಲೋಟದಲ್ಲಿ. ಎರಡು ಲೋಟದ ಜಗಳವನ್ನು ಈ ಪೇಪರ್ ಲೋಟ ಎಷ್ಟು ಸುಲಭವಾಗಿ ತೀರಿಸಿದೆ ನೋಡಿ. ಕುಡಿದು ಬಿಸಾಕಿದರಾಯಿತು, ಯಾರ ಎಂಜಲನ್ನೂ ಯಾರೂ ತೊಳೆಯಬೇಕಿಲ್ಲ.

ಯಾರೋ ದೊಡ್ಡವರು ಪಾಸ್ಟರಿಗೆ, "ನಿಮ್ಮದೂ ಒಂದು ಶಾಂತಿ ಪ್ರಾರ್ಥನೆ ಆಗಲಿ" ಅಂದರು. ಪಾಸ್ಟರು ಎದ್ದು ನಿಂತರು. ಕಣ್ಣು ಮುಚ್ಚಲಿಲ್ಲ. ಮತ್ತಾಯನ ಐದನೇ ಅಧ್ಯಾಯದ ಆ ಭಾಗ ಓದಿದರು. ಓದಿ, "ದೂರು ಇರೋದು ನಮ್ಮ ಹುಡುಗನಿಗೆ. ಯಾರ ಮೇಲೆ ಐತೋ ಅವರು ಎದ್ದು ಬಂದು ಇವನ ಕೈ ಹಿಡಿದರೆ ನಾನು ಪ್ರಾರ್ಥನೆ ಶುರು ಮಾಡ್ತೀನಿ" ಅಂದು ನಿಂತೇ ಇದ್ದರು. ಯಾರೂ ಏಳಲಿಲ್ಲ. ಒಬ್ಬರು ಕೂತಲ್ಲಿಂದಲೇ ಕೈ ಮುಗಿದರು.

ಕಾಗದ ಹುಡುಗನ ಮುಂದೆ ಬಂತು. ಬಲಗೈ ಕಟ್ಟಿನಲ್ಲಿತ್ತು. "ಸಹಿ ಮಾಡೋ ಕೈನೇ ಮುರ್ದವ್ರೆ" ಅಂದಳು ದೊಡ್ಡವ್ವ. ಪರವಾಗಿಲ್ಲ, ಎಡಗೈ ಹೆಬ್ಬೆಟ್ಟು ಒತ್ತಿಸಿ ಅಂತ ಇಂಕ್ ಪ್ಯಾಡು ತಂದರು.

"ನಾನು ಪಿಯುಸಿ ಓದಿದೋನು ಸಾರ್, ಹೆಬ್ಬೆಟ್ಟು ಒತ್ತಲ್ಲ" ಅಂದ ಹುಡುಗ. "ಕಟ್ಟು ಬಿಚ್ಲಿ, ಆಮೇಲೆ ನೋಡಾನ."

ಕಟ್ಟು ಬಿಚ್ಚಲು ಇನ್ನೂ ನಾಲ್ಕು ವಾರ ಇತ್ತು.